ಟಾರ್ನೆಡೊ ಬಂದರೆ ಮೇಲ್ಸೇತುವೆ ಕೆಳಗೆ ಅಡಗಬೇಕೇ? ಬಿರುಗಾಳಿ ಬೆನ್ನಟ್ಟುವವರ ಒಂದು ದಿನ ಏನು ಹೇಳುತ್ತದೆ?

ಆನೆಯ ಸೊಂಡಿಲಿನಂತೆ ಮೋಡದಿಂದ ಇಳಿದ ಕಪ್ಪು ಗಾಳಿ, ಅದರತ್ತ ಓಡುವ ಕಾರು, ಒಳಗೆ ಕೂಗಾಟ. ಇಂಥ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇವುಗಳ ಜೊತೆ ಒಂದು ಸಲಹೆಯೂ ತಿರುಗಾಡುತ್ತದೆ: ಗಾಳಿ ಬಂದರೆ ಮೇಲ್ಸೇತುವೆ ಕೆಳಗೆ ಅಡಗಿ, ಬದುಕುತ್ತೀರಿ. ವಿಡಿಯೋ ನಿಜವಿರಬಹುದು. ಸಲಹೆ ಮಾತ್ರ ಜೀವಕ್ಕೆ ಎರವಾಗುವಂಥದ್ದು.

ಮೊದಲು ಒಂದು ಗೊಂದಲ ಬಗೆಹರಿಸೋಣ. ನಮ್ಮ ಕಡೆ ಬೇಸಿಗೆಯಲ್ಲಿ ದೂಳು, ತರಗೆಲೆ ಎತ್ತಿ ಸುತ್ತುವುದನ್ನೂ ಸುಂಟರಗಾಳಿ ಎಂದೇ ಕರೆಯುತ್ತೇವೆ. ಅದು ಕಾದ ನೆಲದಿಂದ ಏಳುವ ಗಾಳಿ, ಮೇಲೆ ಮೋಡವೇ ಬೇಕಿಲ್ಲ. ಟಾರ್ನೆಡೊ ಹಾಗಲ್ಲ, ದೈತ್ಯ ಗುಡುಗುಮೋಡದ ಬುಡದಿಂದ ನೆಲ ಮುಟ್ಟುತ್ತದೆ. ಅಮೆರಿಕದ ಟೆಕ್ಸಾಸ್, ಒಕ್ಲಹೋಮ, ಕಾನ್ಸಾಸ್ ಬಯಲುಗಳು ಇದಕ್ಕೆ ಹೆಸರುವಾಸಿ. ಮೆಕ್ಸಿಕೊ ಕೊಲ್ಲಿಯ ತೇವದ ಗಾಳಿ, ಪಶ್ಚಿಮದ ಒಣ ಗಾಳಿ ಅಲ್ಲಿ ಸೇರುತ್ತವೆ. ಎತ್ತರಕ್ಕೆ ಹೋದಂತೆ ಗಾಳಿಯ ವೇಗ, ದಿಕ್ಕು ಎರಡೂ ಬದಲಾದರೆ ಇಡೀ ಮೋಡವೇ ತಿರುಗತೊಡಗುತ್ತದೆ. ಇದೇ ಸೂಪರ್‌ಸೆಲ್.

ಇದನ್ನು ಬೆನ್ನಟ್ಟುವವರ ದಿನ ಶುರುವಾಗುವುದು ನಕ್ಷೆಯ ಮುಂದೆ. ಒಕ್ಲಹೋಮದ ನಾರ್ಮನ್ ಊರಿನಲ್ಲಿರುವ ಬಿರುಗಾಳಿ ಮುನ್ಸೂಚನಾ ಕೇಂದ್ರದ ವರದಿ ಓದಿ, ಎಲ್ಲಿ ಮೋಡ ಏಳಬಹುದೆಂದು ಲೆಕ್ಕ ಹಾಕಿ, ನೂರಾರು ಕಿಲೋಮೀಟರ್ ಕಾರು ಓಡಿಸುತ್ತಾರೆ. ಆಮೇಲೆ ಯಾವುದೋ ಪೆಟ್ರೋಲ್ ಬಂಕ್ ಎದುರು ಗಂಟೆಗಟ್ಟಲೆ ಕಾಯುವುದು. ಮೇಲೆ ಬಿಸಿ ಗಾಳಿಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕೂತಿರುತ್ತದೆ. ಸಂಜೆಯೊಳಗೆ ಅದು ಒಡೆಯದಿದ್ದರೆ ನೀಲಿ ಆಕಾಶ ನೋಡಿಕೊಂಡು ವಾಪಸ್. ಒಡೆದು ಸೂಪರ್‌ಸೆಲ್ ಎದ್ದರೂ ಹೆಚ್ಚಿನವು ಟಾರ್ನೆಡೊ ಹುಟ್ಟಿಸುವುದಿಲ್ಲ. ಇಷ್ಟೆಲ್ಲ ಯಾರೂ ಫಾರ್ವರ್ಡ್ ಮಾಡುವುದಿಲ್ಲ ಬಿಡಿ!

ಮೋಡ ಎದ್ದ ಮೇಲೆ ಎಲ್ಲಿ ನಿಲ್ಲಬೇಕು ಎಂಬುದೇ ಮುಖ್ಯ ಪ್ರಶ್ನೆ. ಅಲ್ಲಿ ಬಿರುಗಾಳಿ ಸಾಮಾನ್ಯವಾಗಿ ಈಶಾನ್ಯಕ್ಕೋ ಪೂರ್ವಕ್ಕೋ ಸಾಗುತ್ತದೆ. ಹಾಗಾಗಿ ಅದರ ಆಗ್ನೇಯಕ್ಕೆ, ದಕ್ಷಿಣಕ್ಕೆ ತಪ್ಪಿಸಿಕೊಳ್ಳುವ ರಸ್ತೆ ಇಟ್ಟುಕೊಂಡು ನಿಲ್ಲುತ್ತಾರೆ. ಇನ್ನೊಂದು ಪಾಠವೂ ಇದೆ. ಟಾರ್ನೆಡೊ ಎಡಕ್ಕೂ ಬಲಕ್ಕೂ ಸರಿಯದೆ ನಿಂತಂತೆ ಕಂಡು, ದೊಡ್ಡದಾಗುತ್ತಿದ್ದರೆ ಅದು ನಿಂತಿಲ್ಲ. ನಿಮ್ಮತ್ತಲೇ ಬರುತ್ತಿದೆ.

ಇಷ್ಟು ಬಲ್ಲವರೂ ಸತ್ತಿದ್ದಾರೆ. ಟಿಮ್ ಸಮಾರಸ್ ಟಾರ್ನೆಡೊ ದಾರಿಯಲ್ಲಿ ಅಳತೆಯ ಉಪಕರಣ ಇಟ್ಟು ಬರುತ್ತಿದ್ದ ಸಂಶೋಧಕ, ಎಚ್ಚರಿಕೆಗೆ ಹೆಸರಾದವರು. 2003ರಲ್ಲಿ ಅವರ ಉಪಕರಣ ಗಾಳಿಯ ಒತ್ತಡ ಕ್ಷಣಗಳಲ್ಲಿ 100 ಮಿಲಿಬಾರ್ ಕುಸಿದದ್ದನ್ನು ದಾಖಲಿಸಿತ್ತು. 2013ರ ಮೇ 31ರಂದು ಒಕ್ಲಹೋಮದ ಎಲ್ ರೀನೊ ಬಳಿ ಟಾರ್ನೆಡೊ ದಿಢೀರ್ ದಿಕ್ಕು ಬದಲಿಸಿ, ಸುಮಾರು 4.2 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. ಟಿಮ್, ಮಗ ಪಾಲ್, ಸಹೋದ್ಯೋಗಿ ಕಾರ್ಲ್ ಯಂಗ್ ಮೂವರೂ ತೀರಿಕೊಂಡರು.

ಹಾಗಾದರೆ ಸೇತುವೆಯ ಮಾತು ಎಲ್ಲಿಂದ ಬಂತು? 1991ರ ಏಪ್ರಿಲ್ 26ರಂದು ಕಾನ್ಸಾಸ್‌ನ ಹೆದ್ದಾರಿಯೊಂದರಲ್ಲಿ ಟಿವಿ ತಂಡವೊಂದು ಮೇಲ್ಸೇತುವೆ ಕೆಳಗೆ ಅಡಗಿ ವಿಡಿಯೋ ಮಾಡಿ ಬದುಕುಳಿಯಿತು. ಆ ಟಾರ್ನೆಡೊ ದುರ್ಬಲವಾಗಿತ್ತು, ನೇರವಾಗಿ ಅವರ ಮೇಲೆ ಹಾಯಲೂ ಇಲ್ಲ. ವಿಡಿಯೋ ಮಾತ್ರ ಲೋಕವೆಲ್ಲ ಸುತ್ತಿತು. ವಾಟ್ಸಾಪ್ ಹುಟ್ಟುವ ಎಷ್ಟೋ ವರ್ಷ ಮೊದಲೇ! ಎಂಟು ವರ್ಷದ ನಂತರ, 1999ರ ಮೇ 3ರಂದು ಒಕ್ಲಹೋಮದ ಟಾರ್ನೆಡೊಗಳಲ್ಲಿ ಹಾಗೆ ಮೇಲ್ಸೇತುವೆ ಕೆಳಗೆ ಅಡಗಿದ ಮೂವರು ಸತ್ತರು, ಹಲವರು ತೀವ್ರವಾಗಿ ಗಾಯಗೊಂಡರು.

ಕಾರಣ ಸರಳ. ಇಕ್ಕಟ್ಟಿನ ಜಾಗದಲ್ಲಿ ಗಾಳಿ ಇನ್ನೂ ರಭಸವಾಗುತ್ತದೆ. ಇಳಿಜಾರು ಹತ್ತಿ ಸೇತುವೆಯ ತೊಲೆಯ ಸಂದಿ ಸೇರಿದರೆ ನೆಲಮಟ್ಟಕ್ಕಿಂತ ಬಿರುಸಾದ ಗಾಳಿಗೆ ಮೈಯೊಡ್ಡಿದಂತೆ. ತಗಡು, ಮರದ ತುಂಡುಗಳು ಗುಂಡಿನಂತೆ ನುಗ್ಗುತ್ತವೆ. ಮೇಲಾಗಿ ಸೇತುವೆ ಕೆಳಗೆ ಕಾರುಗಳು ನಿಂತರೆ ಹಿಂದಿನವರಿಗೆ ಓಡಲು ದಾರಿಯೇ ಇಲ್ಲ.

ಅಮೆರಿಕದಲ್ಲಿರುವ ನಿಮ್ಮ ಮಗಳಿಗೋ ತಮ್ಮನಿಗೋ ಕಳುಹಿಸುವುದಿದ್ದರೆ ಇದನ್ನು ಕಳುಹಿಸಿ: ಎಚ್ಚರಿಕೆ ಬಂದಾಗ ಗಟ್ಟಿ ಕಟ್ಟಡದ ನೆಲಮಾಳಿಗೆ ಸೇರಬೇಕು. ಅದಿಲ್ಲದಿದ್ದರೆ ಕೆಳ ಅಂತಸ್ತಿನಲ್ಲಿ ಕಿಟಕಿಯಿಲ್ಲದ ಒಳಕೋಣೆ, ಬಚ್ಚಲಾದರೂ ಸರಿ. ತಲೆ ಮುಚ್ಚಿಕೊಳ್ಳಬೇಕು. ಫೋನ್ ಹಿಡಿದು ಬಾಗಿಲಿಗೆ ಬರಬಾರದು.