ವಿದ್ಯುತ್ತು ಹೋದರೂ ನಿಲ್ಲದ ಗಡಿಯಾರ

ಶಾಲೆಯ ಗಂಟೆಯನ್ನು ವೇಳೆಗೆ ಸರಿಯಾಗಿ ಬಾರಿಸುವ ಕೆಲಸವನ್ನು ಇಂದು ಒಂದು ಚಿಕ್ಕ ಯಂತ್ರಕ್ಕೆ ವಹಿಸಬಹುದು. ಅಂಗೈಯಗಲದ ಹಲಗೆಯ ಮೇಲೆ ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಗಣಕವನ್ನಿರಿಸಿ, ಯಾವ ಹೊತ್ತಿಗೆ ಯಾವ ಗಂಟೆ ಎಂಬುದನ್ನು ಅದಕ್ಕೆ ತಿಳಿಸಿದರಾಯಿತು. ಮೇಲಿನ ತರಗತಿಗಳ ವಿದ್ಯಾರ್ಥಿಗಳು ವಿಜ್ಞಾನ ಪ್ರದರ್ಶನಕ್ಕಾಗಿ ಇಂತಹ ಯಂತ್ರಗಳನ್ನು ತಾವೇ ಜೋಡಿಸುವುದುಂಟು. ಆದರೆ ಈ ಗಣಕಕ್ಕೆ ಒಂದು ಕುಂದಿದೆ. ವಿದ್ಯುತ್ತು ಹೋದೊಡನೆ ಅದು ಹೊತ್ತನ್ನು ಮರೆತುಬಿಡುತ್ತದೆ. ವಿದ್ಯುತ್ತು ಮರಳಿದಾಗ ಸೊನ್ನೆಯಿಂದ ಎಣಿಸತೊಡಗುತ್ತದೆ. ನಾಟ್ರಾಂಪಾಳ್ಯದಂತಹ ಗುಡ್ಡಗಾಡಿನ ಊರಿನಲ್ಲಿ ಗಾಳಿಮಳೆಗೆ ವಿದ್ಯುತ್ತು ಹೋದರೆ, ಬೆಳಗಿನ ಗಂಟೆ ಮಧ್ಯಾಹ್ನ ಬಾರಿಸೀತು. ಅದು ಪರೀಕ್ಷೆಯ ದಿನವಾದರೆ ಮಕ್ಕಳ ಗತಿಯೇನು?

ಈ ಕುಂದನ್ನು ನೀಗಿಸುವುದು ‘ರಿಯಲ್ ಟೈಮ್ ಕ್ಲಾಕ್’ ಎಂಬ ಚಿಪ್. ಇದು ಬಿಲ್ಲೆಯಂತಹ ಚಿಕ್ಕ ಬ್ಯಾಟರಿಯ ಆಸರೆಯಿಂದ ಹಗಲಿರುಳೂ ಕಾಲವನ್ನೆಣಿಸುತ್ತ, ಗಣಕವು ಕೇಳಿದಾಗ ತಾರೀಖು, ಗಂಟೆ, ನಿಮಿಷ, ಸೆಕೆಂಡುಗಳನ್ನು ತಿಳಿಸುತ್ತದೆ.

ಇದರ ಹೃದಯವೆಂದರೆ ಸ್ಫಟಿಕದ ಒಂದು ಚೂರು. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುತ್ತದೆಂಬುದನ್ನು ೧೮೮೦ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದರು. ವಿದ್ಯುತ್ತನ್ನು ಹಾಯಿಸಿದರೆ ಸ್ಫಟಿಕವು ಕ್ರಮವಾಗಿ ಕಂಪಿಸುತ್ತದೆ. ಈ ಗುಣವನ್ನು ಬಳಸಿ ೧೯೨೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಸ್ಫಟಿಕ ಗಡಿಯಾರವನ್ನು ಮಾಡಿದರು. ೧೯೬೯ರಲ್ಲಿ ಜಪಾನಿನ ಸೈಕೋ ಕಂಪನಿ ಅದನ್ನು ಕೈಗಡಿಯಾರಕ್ಕಿಳಿಸಿತು. ನಮ್ಮ ಹೊಸೂರಿನ ಟೈಟಾನ್ ಕಾರ್ಖಾನೆಯ ಕ್ವಾರ್ಟ್ಜ್ ಗಡಿಯಾರಗಳು ಓಡುವುದೂ ಇದೇ ತತ್ತ್ವದಿಂದ. ಸಾಮಾನ್ಯವಾಗಿ ಈ ಸ್ಫಟಿಕವು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ಈ ಸಂಖ್ಯೆಯೇ ಏಕೆ? ಇದನ್ನು ೧೫ ಸಲ ಅರ್ಧಿಸಿ ನೋಡಿರಿ. ಸರಿಯಾಗಿ ಒಂದು ಉಳಿಯುತ್ತದೆ. ಚಿಪ್ ಮಾಡುವುದೂ ಅದನ್ನೇ. ಹಾಗೆ ದೊರೆತ ಒಂದೊಂದು ಮಿಡಿತವೂ ಒಂದೊಂದು ಸೆಕೆಂಡು.

ಇದು ಆಟದ ವಸ್ತುವೆಂದು ಭಾವಿಸಬೇಡಿರಿ. ನಮ್ಮ ದೇಶದ ವಿದ್ಯುನ್ಮಾನ ಮತಯಂತ್ರಗಳನ್ನು ತಯಾರಿಸುವವರು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸಂಸ್ಥೆಗಳು. ೨೦೦೬ರ ನಂತರ ತಯಾರಾದ ಯಂತ್ರಗಳಲ್ಲಿ ರಿಯಲ್ ಟೈಮ್ ಕ್ಲಾಕ್ ಇದ್ದು, ಗುಂಡಿಯನ್ನು ಒತ್ತಿದ ಪ್ರತಿಸಲವೂ ತಾರೀಖು ಮತ್ತು ವೇಳೆ ದಾಖಲಾಗುತ್ತವೆ. ವೇಳೆ ತಪ್ಪಿದರೆ ಅಲ್ಲಿ ದಾಖಲೆಯ ಮೇಲಿನ ನಂಬಿಕೆಗೇ ಧಕ್ಕೆ.

ಅಂಗಡಿಯಲ್ಲಿ ಹಲವು ಬಗೆಯ ಚಿಪ್‌ಗಳು ದೊರೆಯುತ್ತವೆ. ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು, ಎಷ್ಟು ತಪ್ಪನ್ನು ಸಹಿಸಬಹುದು? ಡಿ.ಎಸ್. ೧೩೦೭ ಎಂಬ ಅಗ್ಗದ ಚಿಪ್‌ಗೆ ಸ್ಫಟಿಕವನ್ನು ನಾವೇ ಹೊರಗಿನಿಂದ ಜೋಡಿಸಬೇಕು. ಸಾಧಾರಣ ಸ್ಫಟಿಕದಲ್ಲಿ ಹತ್ತು ಲಕ್ಷಕ್ಕೆ ೨೦ರಷ್ಟು ವ್ಯತ್ಯಾಸ ಇರಬಹುದು. ಎಂದರೆ ದಿನಕ್ಕೆ ೧.೭ ಸೆಕೆಂಡು, ವರ್ಷಕ್ಕೆ ಸುಮಾರು ಹತ್ತು ನಿಮಿಷ. ಇದರ ಮೇಲೆ ಬಿಸಿಲಿನ ಕಾಟ. ೨೫ ಡಿಗ್ರಿಯಲ್ಲಿ ಸರಿಯಾಗಿ ಓಡುವ ಸ್ಫಟಿಕವು ಅದಕ್ಕಿಂತ ಕಾದರೂ ತಣಿದರೂ ನಿಧಾನವಾಗುತ್ತದೆ. ತಗಡಿನ ಮಾಡಿನ ಕೆಳಗಿನ ಪೆಟ್ಟಿಗೆ ೪೫ ಡಿಗ್ರಿಗೇರಿದರೆ, ಗಡಿಯಾರವು ದಿನಕ್ಕೆ ಮತ್ತೊಂದು ಸೆಕೆಂಡಿಗೂ ತುಸು ಹೆಚ್ಚು ಹಿಂದೆ ಬೀಳುತ್ತದೆ. ಡಿ.ಎಸ್. ೩೨೩೧ ಎಂಬ ಚಿಪ್‌ನಲ್ಲಾದರೋ ಸ್ಫಟಿಕವು ಒಳಗೇ ಇದೆ. ಅದು ೬೪ ಸೆಕೆಂಡಿಗೊಮ್ಮೆ ತನ್ನ ಉಷ್ಣತೆಯನ್ನು ತಾನೇ ಅಳೆದು ಓಟವನ್ನು ತಿದ್ದಿಕೊಳ್ಳುತ್ತದೆ. ಸೊನ್ನೆಯಿಂದ ೪೦ ಡಿಗ್ರಿಯವರೆಗೆ ಅದರ ತಪ್ಪು ಹತ್ತು ಲಕ್ಷಕ್ಕೆ ಎರಡನ್ನು ಮೀರದು. ವರ್ಷಕ್ಕೆ ಸುಮಾರು ಒಂದೇ ನಿಮಿಷ.

ಎರಡನೆಯದು, ಬ್ಯಾಟರಿ ಎಷ್ಟು ಕಾಲ ಬಾಳಬೇಕು? ಸಿ.ಆರ್. ೨೦೩೨ ಎಂಬ ಬಿಲ್ಲೆಯಲ್ಲಿ ಸುಮಾರು ೨೨೦ ಮಿಲಿಆಂಪಿಯರ್-ಗಂಟೆಗಳಷ್ಟು ಶಕ್ತಿಯಿರುತ್ತದೆ. ಚಿಪ್ ಮೂರು ಮೈಕ್ರೊಆಂಪಿಯರ್ ಬಳಸಿದರೂ ಅದು ಎಂಟು ವರ್ಷ ಸಾಲುತ್ತದೆ. ಆದರೆ ಬೆಟ್ಟದಲ್ಲಿಟ್ಟ ಮಳೆಮಾಪಕದಂತೆ ಇಡೀ ಯಂತ್ರವೇ ಬ್ಯಾಟರಿಯಿಂದ ನಡೆಯಬೇಕಾದರೆ ಅತಿ ಮಿತವ್ಯಯಿಯಾದ ಚಿಪ್ ಬೇಕು. ಪಿ.ಸಿ.ಎಫ್. ೮೫೬೩ ಸುಮಾರು ಕಾಲು ಮೈಕ್ರೊಆಂಪಿಯರಿನಲ್ಲೇ ತೃಪ್ತಿಪಡುತ್ತದೆ.

ಮೂರನೆಯದು, ಗಣಕಕ್ಕೂ ಚಿಪ್‌ಗೂ ಹೊಂದಿಕೆ ಇದೆಯೇ? ಮೇಲೆ ಹೇಳಿದ ಮೂರೂ ಚಿಪ್‌ಗಳು ಗಣಕದೊಡನೆ ಎರಡೇ ತಂತಿಗಳ ಮೂಲಕ ವ್ಯವಹರಿಸುತ್ತವೆ. ಆದರೆ ೧೩೦೭ಕ್ಕೆ ಐದು ವೋಲ್ಟ್ ಬೇಕು. ಈಗಿನ ಅನೇಕ ಪುಟ್ಟ ಗಣಕಗಳು ನಡೆಯುವುದು ೩.೩ ವೋಲ್ಟಿನಲ್ಲಿ. ಉಳಿದೆರಡು ಚಿಪ್‌ಗಳಿಗೆ ಈ ತೊಡಕಿಲ್ಲ.

ನಾಲ್ಕನೆಯದು, ಕೊಳ್ಳುವ ಹಲಗೆ ಸುರಕ್ಷಿತವೇ? ೩೨೩೧ ಚಿಪ್ ಕೂಡಿಸಿ ಮಾರುವ ಕೆಲವು ಅಗ್ಗದ ಹಲಗೆಗಳಲ್ಲಿ ಬ್ಯಾಟರಿಗೆ ಚಾರ್ಜು ಮಾಡುವ ಏರ್ಪಾಡಿರುತ್ತದೆ. ಸಿ.ಆರ್. ೨೦೩೨ ಚಾರ್ಜು ಮಾಡತಕ್ಕ ಬ್ಯಾಟರಿಯಲ್ಲ. ಅದನ್ನಿಟ್ಟು ಐದು ವೋಲ್ಟ್ ಕೊಟ್ಟರೆ ಅದು ಊದಿಕೊಂಡು ಸೋರುವ ಅಪಾಯವಿದೆ. ಅಧ್ಯಾಪಕರ ಸಮ್ಮುಖದಲ್ಲಿ ಆ ದಾರಿಯನ್ನು ಕಡಿದ ಮೇಲೆಯೇ ಬ್ಯಾಟರಿಯನ್ನು ಕೂರಿಸತಕ್ಕದ್ದು. ಪೋಷಕರೂ ಇದನ್ನು ಗಮನಿಸಬೇಕೆಂದು ವಿನಂತಿ. ಈ ಬಿಲ್ಲೆಗಳನ್ನು ಚಿಕ್ಕ ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ. ಅವರ ಕೈಗೆ ಸಿಗದಂತೆ ಇಡಬೇಕು.

ಹಾಗಾದರೆ ಶಾಲೆಯ ಗಂಟೆಗೆ ಯಾವುದು ತಕ್ಕುದು? ಇಂಟರ್ನೆಟ್ಟಿನಿಂದಲೇ ವೇಳೆಯನ್ನು ಪಡೆಯಬಹುದಲ್ಲ ಎಂದು ಕೆಲವರು ಕೇಳಬಹುದು. ಸಿಗ್ನಲ್ ಎಂದೂ ತಪ್ಪದ ಊರಿಗೆ ಅದು ಸರಿ. ಗುಡ್ಡಗಳ ನಡುವಿನ ಊರಿಗೆ ಅದನ್ನೇ ನೆಚ್ಚಲಾಗದು. ತಿಂಗಳಿಗೊಮ್ಮೆ ತಿದ್ದುವವರಿದ್ದರೆ, ಕಲಿಕೆಗಾಗಿ ೧೩೦೭ ಸಾಕು. ಬೇಸಿಗೆಯ ರಜೆಯುದ್ದಕ್ಕೂ ಮುಚ್ಚಿದ ಕೋಣೆಯಲ್ಲಿ, ತಿದ್ದುವವರಿಲ್ಲದೆ ಓಡಬೇಕಾದ ಗಡಿಯಾರಕ್ಕೆ ೩೨೩೧ಕ್ಕೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ. ಯಾವುದನ್ನೇ ಕೊಂಡರೂ ಒಂದು ವಾರ ಓಡಿಸಿ, ಮೊಬೈಲ್ ಫೋನಿನ ವೇಳೆಯೊಡನೆ ದಿನವೂ ಹೋಲಿಸಿ, ವ್ಯತ್ಯಾಸವನ್ನು ಬರೆದಿಡಿರಿ. ಹೆಸರಾಂತ ಚಿಪ್‌ಗಳ ನಕಲಿಗಳೂ ಮಾರುಕಟ್ಟೆಯಲ್ಲಿವೆ. ವಾರಕ್ಕೆ ಹತ್ತು ಸೆಕೆಂಡು ತಪ್ಪುವ ೩೨೩೧ ಸಂದೇಹಕ್ಕೆ ಪಾತ್ರವೆಂದು ತಿಳಿಯಿರಿ.

ಬೆಲೆಯನ್ನು ಮಾತ್ರ ನೋಡಿ ವಸ್ತುವನ್ನು ಆರಿಸಬಾರದು. ಬೆಲೆ ಹೆಚ್ಚಿದ್ದೆಲ್ಲವೂ ಮೇಲೆಂದೂ ಬಗೆಯಬಾರದು. ಅದು ಎಲ್ಲಿ ಇರಬೇಕು, ಯಾರು ಅದನ್ನು ನೋಡಿಕೊಳ್ಳುವರು, ಅದು ತಪ್ಪಿದರೆ ಯಾರಿಗೆ ನಷ್ಟ ಎಂಬುದನ್ನು ಮೊದಲು ಯೋಚಿಸಿದವನಿಗೆ ಸರಿಯಾದ ಆಯ್ಕೆ ತಾನಾಗಿಯೇ ಹೊಳೆಯುತ್ತದೆ.