ತೊಟ್ಟಿಲಿಗೂ ಮಣ್ಣಿಗೂ ಒಂದೇ ಬೆಳಕು

ಕಲಬುರಗಿ ಸೀಮೆಯ ಕಥೋಲಿಕ ಧರ್ಮಕೇಂದ್ರಗಳಲ್ಲಿ ಪುನರುತ್ಥಾನದ ನಂಬಿಕೆ ಬದುಕುವ ಬಗೆ

ಆಳಂದ ಅಂದರೆ ಲಾಡ್ಲೆ ಮಶಾಕರ ದರ್ಗಾ. ಅಫಜಲಪುರ ತಾಲ್ಲೂಕು ಅಂದರೆ ಭೀಮಾ–ಅಮರ್ಜಾ ಸಂಗಮದ ದೇವಲ ಗಾಣಗಾಪುರ, ದತ್ತಾತ್ರೇಯನ ಪಾದುಕೆ. ಜೇವರ್ಗಿ ಅಂದರೆ ಅಖಂಡೇಶ್ವರ ಅಂಕಿತದಲ್ಲಿ ವಚನ ಬರೆದ ಷಣ್ಮುಖ ಶಿವಯೋಗಿ. ಭಕ್ತಿಗೆ ಬರವಿಲ್ಲದ ಈ ನೆಲದಲ್ಲಿ ಶಿಲುಬೆಯ ಮುಂದೆ ಕೈಮುಗಿಯುವ ಮನೆಗಳೂ ಇವೆ. ಸಂಖ್ಯೆಯಲ್ಲಿ ಕಡಿಮೆ, ಸದ್ದಿನಲ್ಲಿ ಇನ್ನೂ ಕಡಿಮೆ. ಕ್ರಿಸ್‌ಮಸ್‌ ಬಂದರೆ ನಕ್ಷತ್ರದ ದೀಪ, ಗೋದಲಿ, ಕೇಕುಗಳಿಂದ ಊರಿಗೆಲ್ಲ ಅವರ ಹಬ್ಬದ ಸುದ್ದಿ ಗೊತ್ತಾಗುತ್ತದೆ. ಆದರೆ ಅವರ ಪಂಚಾಂಗದ ಅತಿ ದೊಡ್ಡ ಹಬ್ಬ ಅದಲ್ಲ, ಬೇಸಿಗೆಯ ಕಾವಿನಲ್ಲಿ ಬರುವ ಪಾಸ್ಖ. ಸತ್ತು ಸಮಾಧಿಯಾದ ಯೇಸುಸ್ವಾಮಿ ಮೂರನೆಯ ದಿನ ಎದ್ದು ಬಂದರು ಎಂಬ ನಂಬಿಕೆಯ ಹಬ್ಬ. ಅದರ ಹೃದಯ ಶನಿವಾರ ರಾತ್ರಿ ನಡೆಯುವ ಪಾಸ್ಖ ಜಾಗರಣೆ. ಕಥೋಲಿಕರ ಬದುಕನ್ನು ಅರಿಯಬಯಸುವವರು ಮೊದಲು ನೋಡಬೇಕಾದದ್ದು ಈ ರಾತ್ರಿಯನ್ನು.

ಹೊಸ ಧರ್ಮಪ್ರಾಂತ್ಯ, ಹಳೆಯ ಬೇರು

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಸೇರುವುದು ಕಲಬುರಗಿ ಧರ್ಮಪ್ರಾಂತ್ಯಕ್ಕೆ. 2005ರ ಜೂನ್ 24ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಇದನ್ನು ಸ್ಥಾಪಿಸಿದರು. ರಾಬರ್ಟ್ ಮೈಕಲ್ ಮಿರಾಂದ ಮೊದಲ ಧರ್ಮಾಧ್ಯಕ್ಷರಾದರು. ಕಲಬುರಗಿ, ಬೀದರ್, ವಿಜಯಪುರ ಜಿಲ್ಲೆಗಳ ಜೊತೆಗೆ ಮುಂದೆ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯೂ ಇದರ ವ್ಯಾಪ್ತಿಯಲ್ಲಿದೆ. ಧರ್ಮಸಭೆಯ ಲೆಕ್ಕದಲ್ಲಿ ಇದು ಎಳೆಯ ಕೂಸು. ಹಾಗೆಂದು ಈ ಸೀಮೆಗೆ ಕಥೋಲಿಕ ಧರ್ಮ ಮೊನ್ನೆ ಮೊನ್ನೆ ಬಂದದ್ದಲ್ಲ. ಪಕ್ಕದ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ವಿಜಯಪುರದ ಆದಿಲಶಾಹಿಗಳ ಕಾಲದಿಂದಲೇ ಕಥೋಲಿಕರ ನೆಲೆಯಿತ್ತು.

ಧರ್ಮಪ್ರಾಂತ್ಯದ ಬುಡದ ಘಟಕ ಧರ್ಮಕೇಂದ್ರ. ಒಂದು ಚರ್ಚು, ಒಬ್ಬ ಫಾದರ್, ಸುತ್ತಲಿನ ಹಳ್ಳಿಗಳ ಕುಟುಂಬಗಳು ಸೇರಿದರೆ ಒಂದು ಧರ್ಮಕೇಂದ್ರ. ಅಲ್ಲಿನ ಕಪಾಟಿನಲ್ಲಿ ಮೂರು ದಪ್ಪ ದಾಖಲೆ ಪುಸ್ತಕಗಳಿರುತ್ತವೆ: ನೀರಿನ ದೀಕ್ಷೆಯಾದ ಜ್ಞಾನಸ್ನಾನದ್ದು, ಮದುವೆಯದ್ದು, ಮರಣದ್ದು. ಇವನ್ನು ಇಟ್ಟುಕೊಳ್ಳುವುದು ಧರ್ಮಸಭೆಯ ಕಾನೂನಿನ ಕಟ್ಟಳೆ. ಜ್ಞಾನಸ್ನಾನದ ಪುಟದಲ್ಲಿ ಮಗುವಿನ ಹೆಸರು, ತಂದೆತಾಯಿ, ಜ್ಞಾನಪಿತೃಗಳ ಹೆಸರು ಬರೆದು ಅಂಚಿನಲ್ಲಿ ಜಾಗ ಬಿಟ್ಟಿರುತ್ತಾರೆ. ಮುಂದೆ ಆ ಮಗು ಬೆಳೆದು ಪುಣೆಯಲ್ಲೋ ಮುಂಬೈಯಲ್ಲೋ ಮದುವೆಯಾದರೆ ಆ ಸುದ್ದಿ ಇಲ್ಲಿಗೆ ಬಂದು ಅದೇ ಅಂಚಿನಲ್ಲಿ ದಾಖಲಾಗಬೇಕು. ದುಡಿಮೆಗಾಗಿ ಊರು ಬಿಡುವವರು ಬಹಳವಿರುವ ಈ ಭಾಗದಲ್ಲಿ ಒಬ್ಬ ಮನುಷ್ಯ ಎಲ್ಲೇ ಇದ್ದರೂ ಅವನ ಹೆಸರನ್ನು ಹುಟ್ಟೂರಿನ ಚರ್ಚು ಮರೆಯುವುದಿಲ್ಲ.

ನಲವತ್ತು ದಿನದ ದಾರಿ

ಪಾಸ್ಖ ಪ್ರತಿ ವರ್ಷ ಒಂದೇ ತಾರೀಖಿಗೆ ಬರುವುದಿಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರ ಹಬ್ಬ. ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಂದಾದರೂ ಬರಬಹುದು. ಅದಕ್ಕೂ ಮುಂಚೆ ನಲವತ್ತು ದಿನದ ತಪಸ್ಸು ಕಾಲ. ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿದ ತಾಳೆಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿಸಿಕೊಳ್ಳುವುದರಿಂದ ಅದು ಆರಂಭವಾಗುತ್ತದೆ. ಹಣೆಯ ವಿಭೂತಿ ಈ ಭಾಗದವರಿಗೆ ಹೊಸತೇನಲ್ಲ. ಮಣ್ಣಿನಿಂದ ಬಂದವರು ಮಣ್ಣಿಗೇ ಮರಳುತ್ತೇವೆ ಎಂಬ ಎಚ್ಚರವೂ ಹೊಸತಲ್ಲ.

ತೊಗರಿ, ಜೋಳದ ರಾಶಿ ಮುಗಿದು ಹೊಲಗಳು ಬರಿದಾದ ಕಾಲವದು. ಶುಕ್ರವಾರ ಸಂಜೆ ಚರ್ಚಿನಲ್ಲಿ ಶಿಲುಬೆ ಹಾದಿ ನಡೆಯುತ್ತದೆ. ಯೇಸುವಿಗೆ ಮರಣದಂಡನೆ ವಿಧಿಸಿದಲ್ಲಿಂದ ಸಮಾಧಿ ಮಾಡುವವರೆಗಿನ ಹದಿನಾಲ್ಕು ಸ್ಥಳಗಳ ಮುಂದೆ ನಿಂತು, ಮೊಣಕಾಲೂರಿ, ಹಾಡಿ, ಮುಂದೆ ಸಾಗುವ ಭಕ್ತಿ ಇದು. ಸ್ಥಳಗಳ ಸಂಖ್ಯೆಯನ್ನು ಹದಿನಾಲ್ಕಕ್ಕೆ ನಿಲ್ಲಿಸಿದವರು 1731ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್. ಹದಿಮೂರನೆಯ ಸ್ಥಳದಲ್ಲಿ ಸತ್ತ ಮಗನ ದೇಹ ತಾಯಿ ಮರಿಯಳ ಮಡಿಲಿಗೆ ಬರುತ್ತದೆ. ಬೆಳೆದ ಮಗನನ್ನು ಮಣ್ಣಿಗೆ ಕೊಟ್ಟ ತಾಯಂದಿರಿಗೆ ಆ ಚಿತ್ರದ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ.

ಕೊನೆಯ ವಾರ ಗರಿಗಳ ಭಾನುವಾರದಿಂದ ಶುರು. ಗುರುವಾರ ಫಾದರ್ ಮಂಡಿಯೂರಿ ಧರ್ಮಕೇಂದ್ರದ ಜನರ ಪಾದ ತೊಳೆಯುತ್ತಾರೆ. ಅಂದಿನ ಪೂಜೆಯ ಮಧ್ಯೆ ಬಾರಿಸಿದ ಗಂಟೆ ಮತ್ತೆ ಮೊಳಗುವುದು ಶನಿವಾರ ರಾತ್ರಿಯೇ. ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆ ಶುಕ್ರವಾರ ಇಲ್ಲವೇ ಇಲ್ಲ. ಪೀಠದ ಮೇಲೆ ಬಟ್ಟೆಯಿಲ್ಲ, ಹೂವಿಲ್ಲ, ದೀಪವಿಲ್ಲ. ಶನಿವಾರ ಹಗಲು ಇಡೀ ಧರ್ಮಸಭೆ ಸಮಾಧಿಯ ಬಳಿ ಕಾಯುತ್ತದೆ.

ಬತ್ತಿಯ ಮೇಲೆ ಕೆತ್ತಿದ ವರ್ಷ

ಕತ್ತಲಾದ ಮೇಲೆಯೇ ಜಾಗರಣೆ ಆರಂಭವಾಗಬೇಕು, ಬೆಳಕು ಹರಿಯುವ ಮುನ್ನ ಮುಗಿಯಬೇಕು ಎಂಬುದು ನಿಯಮ. ಬಹುಕಾಲ ಇದನ್ನು ಶನಿವಾರ ಬೆಳಿಗ್ಗೆಯೇ ಮುಗಿಸಿಬಿಡುವ ರೂಢಿಯಿತ್ತು. ಅದನ್ನು ಮತ್ತೆ ರಾತ್ರಿಗೆ ತಂದವರು ಪೋಪ್ ಹನ್ನೆರಡನೆಯ ಪಯಸ್. 1951ರಲ್ಲಿ ಪ್ರಯೋಗವಾಗಿ ಆರಂಭವಾದದ್ದು 1956ರಿಂದ ಎಲ್ಲೆಡೆ ಕಡ್ಡಾಯವಾಯಿತು. ಶಿವರಾತ್ರಿಯ ಜಾಗರಣೆ ಮುಗಿಸಿದ ಊರಿನಲ್ಲೇ ಕೆಲವು ವಾರಗಳ ನಂತರ ಇನ್ನೊಂದು ಓಣಿ ಎಚ್ಚರವಿರುತ್ತದೆ.

ಚರ್ಚಿನ ದೀಪಗಳನ್ನೆಲ್ಲ ಆರಿಸುತ್ತಾರೆ. ಜನ ಹೊರಗೆ ಅಂಗಳದಲ್ಲಿ ನಿಲ್ಲುತ್ತಾರೆ. ಒಟ್ಟಿದ ಕಟ್ಟಿಗೆಗೆ ಬೆಂಕಿ ಹಚ್ಚಿ ಫಾದರ್ ಹೊಸ ಬೆಂಕಿಯನ್ನು ಆಶೀರ್ವದಿಸುತ್ತಾರೆ. ದೊಡ್ಡದೊಂದು ಮೇಣದ ಬತ್ತಿಯನ್ನು ಅವರ ಮುಂದೆ ಹಿಡಿಯುತ್ತಾರೆ. ಫಾದರ್ ಅದರ ಮೇಲೆ ಮೊದಲು ಶಿಲುಬೆ ಕೊರೆಯುತ್ತಾರೆ. ಅದರ ಮೇಲ್ಗಡೆ ಗ್ರೀಕ್ ಲಿಪಿಯ ಮೊದಲ ಅಕ್ಷರ ಆಲ್ಫಾ, ಕೆಳಗಡೆ ಕೊನೆಯ ಅಕ್ಷರ ಒಮೇಗಾ. ಶಿಲುಬೆಯ ನಾಲ್ಕು ಮೂಲೆಗಳಲ್ಲಿ ಆ ವರ್ಷದ ನಾಲ್ಕು ಅಂಕಿಗಳು. ಕಾಲವೆಲ್ಲ ಕ್ರಿಸ್ತರದು ಎಂದು ಹೇಳುತ್ತಲೇ ಕೆತ್ತುವುದು ಮಾತ್ರ ಈ ವರ್ಷವನ್ನು: ಮಳೆ ಬಂದ ಅಥವಾ ಕೈಕೊಟ್ಟ, ಸಾಲ ತೀರಿದ ಅಥವಾ ಬೆಳೆದ, ನಾವು ಬದುಕುತ್ತಿರುವ ಇದೇ ವರ್ಷವನ್ನು. ಬಳಿಕ ಶಿಲುಬೆಯ ಆಕಾರದಲ್ಲಿ ಸಾಂಬ್ರಾಣಿಯ ಐದು ಹರಳುಗಳನ್ನು ಬತ್ತಿಗೆ ಚುಚ್ಚುತ್ತಾರೆ. ಅವು ಯೇಸುವಿನ ಐದು ಗಾಯಗಳು. ಎದ್ದು ಬಂದ ದೇಹದಲ್ಲೂ ಆ ಗಾಯಗಳಿದ್ದವು ಎನ್ನುತ್ತದೆ ಬೈಬಲಿನ ಶುಭಸಂದೇಶ. ಪುನರುತ್ಥಾನವೆಂದರೆ ನೋವು ನಡೆದೇ ಇಲ್ಲವೆಂಬಂತೆ ಒರೆಸಿಹಾಕುವುದಲ್ಲ. ಗಾಯ ಉಳಿಯುತ್ತದೆ, ಅದಕ್ಕೆ ಕೊಲ್ಲುವ ಶಕ್ತಿ ಉಳಿಯುವುದಿಲ್ಲ.

ಹೊಸ ಬೆಂಕಿಯಿಂದ ಹಚ್ಚಿದ ಈ ಪಾಸ್ಖ ಬತ್ತಿ ಕತ್ತಲ ಚರ್ಚಿನೊಳಗೆ ಮುಂದೆ ಸಾಗುತ್ತದೆ, ಜನ ಹಿಂದೆ. ಮೂರು ಕಡೆ ನಿಂತು ಕ್ರಿಸ್ತರ ಬೆಳಕನ್ನು ಸಾರಿ ಹಾಡುತ್ತಾರೆ. ಜನರ ಕೈಯಲ್ಲಿನ ಸಣ್ಣ ಬತ್ತಿಗಳು ಒಂದರಿಂದ ಒಂದು ಹತ್ತಿಕೊಳ್ಳುತ್ತವೆ. ಮೇಣ ಬೆರಳಿಗೆ ಸುರಿಯದಂತೆ ಬತ್ತಿಯ ಬುಡಕ್ಕೆ ರಟ್ಟಿನ ತುಂಡು ಸಿಕ್ಕಿಸಿಕೊಂಡಿರುತ್ತಾರೆ. ಬಿಸಿಗಾಳಿಗೆ ಕುಡಿ ಆರದಿರಲೆಂದು ಅಜ್ಜಿಯರು ಸೆರಗು ಅಡ್ಡ ಹಿಡಿದು, ಪಕ್ಕದವರಿಗೆ ಹಚ್ಚಿ ಕೊಡುತ್ತಾರೆ. ಆಮೇಲೆ ಬತ್ತಿಯ ಪಕ್ಕದಲ್ಲಿ ನಿಂತು ಪಾಸ್ಖ ಘೋಷಣೆಯನ್ನು ಹಾಡುತ್ತಾರೆ. ಆ ಪುರಾತನ ಗೀತೆಯಲ್ಲಿ ಮೇಣ ಕೊಟ್ಟ ಜೇನುಹುಳುಗಳಿಗೂ ಸ್ಮರಣೆಯಿದೆ.

ಮುಂದಿನದು ಕೇಳುವ ಹೊತ್ತು. ಹಳೆಯ ಒಡಂಬಡಿಕೆಯ ಏಳು, ಹೊಸ ಒಡಂಬಡಿಕೆಯ ಎರಡು, ಒಟ್ಟು ಒಂಬತ್ತು ವಾಚನಗಳು. ಅನುಕೂಲ ನೋಡಿ ಕೆಲವನ್ನು ಬಿಡಬಹುದು. ಆದರೆ ಇಸ್ರಯೇಲರು ಕೆಂಪು ಸಮುದ್ರ ದಾಟಿ ಈಜಿಪ್ಟಿನ ಜೀತದಿಂದ ಬಿಡುಗಡೆಯಾದ ಕತೆಯನ್ನು ಮಾತ್ರ ಬಿಡುವಂತಿಲ್ಲ. ಜೀತ ಎಂದರೇನೆಂದು ಅಜ್ಜ–ಮುತ್ತಜ್ಜರ ಬಾಯಿಂದ ಕೇಳಿ ಬಲ್ಲ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಅವರ ಕಿವಿಗೆ ಆ ವಾಚನ ದೂರದ ದೇಶದ ಪುರಾಣವಾಗಿ ಬೀಳುವುದಿಲ್ಲ. ಇದೆಲ್ಲ ಕನ್ನಡದಲ್ಲಿ ಕೇಳಿಸುತ್ತಿರುವುದು ಎರಡನೆಯ ವ್ಯಾಟಿಕನ್ ಮಹಾಸಭೆಯ ಕೊಡುಗೆ. 1963ರ ಡಿಸೆಂಬರ್ 4ರಂದು ಅದು ಹೊರಡಿಸಿದ ಆರಾಧನೆಯ ಕಟ್ಟಳೆ ಜನರ ಭಾಷೆಗೆ ಬಾಗಿಲು ತೆರೆಯಿತು. ಭಾರತದ ಪೂಜೆಯಲ್ಲಿ ಅಂಜಲಿ, ಆರತಿ, ಎಣ್ಣೆ ದೀಪಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆ ದೊರೆಯಿತು.

ಹಳೆಯ ಒಡಂಬಡಿಕೆಯ ವಾಚನಗಳ ನಂತರ ಮಹಿಮೆಯ ಗೀತೆ ಎದ್ದಾಗ ಗುರುವಾರದಿಂದ ಸುಮ್ಮನಿದ್ದ ಗಂಟೆಗಳೆಲ್ಲ ಒಟ್ಟಿಗೆ ಮೊಳಗುತ್ತವೆ. ತಪಸ್ಸು ಕಾಲದುದ್ದಕ್ಕೂ ನಾಲಿಗೆಯ ಮೇಲೆ ಬಾರದಿದ್ದ ಅಲ್ಲೆಲೂಯ ಮರಳುತ್ತದೆ. ಫಾದರ್ ಪಾಸ್ಖ ಬತ್ತಿಯ ಬುಡವನ್ನು ನೀರಿನಲ್ಲಿ ಅದ್ದಿ ನೀರನ್ನು ಪವಿತ್ರಗೊಳಿಸುತ್ತಾರೆ. ಜನ ಮತ್ತೆ ಬತ್ತಿ ಹಿಡಿದು ತಮ್ಮ ಜ್ಞಾನಸ್ನಾನದ ಪ್ರತಿಜ್ಞೆಯನ್ನು ನವೀಕರಿಸುತ್ತಾರೆ. ಕೆಡುಕನ್ನು ತ್ಯಜಿಸುವಿರಾ ಎಂಬಲ್ಲಿಂದ ಶುರುವಾಗುವ ಪ್ರಶ್ನೆಗಳು ಸತ್ತವರ ಪುನರುತ್ಥಾನವನ್ನೂ ನಿತ್ಯಜೀವವನ್ನೂ ನಂಬುವಿರಾ ಎಂಬಲ್ಲಿಗೆ ಮುಟ್ಟುತ್ತವೆ. ಉತ್ತರ ಗಟ್ಟಿ ದನಿಯಲ್ಲಿ ಬರುತ್ತದೆ.

ಮೊದಲು ಕಂಡವರು ಹೆಂಗಸರು

ನಾಲ್ಕೂ ಶುಭಸಂದೇಶಗಳು ಒಂದು ಮಾತಿನಲ್ಲಿ ಒಪ್ಪುತ್ತವೆ: ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು, ಅವರಲ್ಲಿ ಮಗ್ದಲದ ಮರಿಯ ಮುಖ್ಯಳು. ಹೆಣ್ಣಿನ ಸಾಕ್ಷ್ಯಕ್ಕೆ ಅಷ್ಟಾಗಿ ಬೆಲೆಯಿಲ್ಲದ ಕಾಲದಲ್ಲಿ ಕ್ರೈಸ್ತ ಧರ್ಮದ ಅತಿ ದೊಡ್ಡ ಸುದ್ದಿ ಹೆಣ್ಣಿನ ಬಾಯಿಂದ ಹೊರಟಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಅವಳ ಸ್ಮರಣೆಯನ್ನು ಯೇಸುವಿನ ಆಪ್ತ ಶಿಷ್ಯರಾದ ಪ್ರೇಷಿತರ ಹಬ್ಬಗಳಿಗೆ ಸಮನಾದ ದರ್ಜೆಗೆ ಏರಿಸಿದರು. ಧರ್ಮಕೇಂದ್ರದ ಭಕ್ತಿಯೂ ಇಂದಿಗೂ ಹೆಂಗಸರ ಹೆಗಲ ಮೇಲೇ ನಡೆಯುತ್ತಿದೆ. ಅಕ್ಟೋಬರದಲ್ಲಿ ಮನೆ ಮನೆಯಲ್ಲಿ ಜಪಮಾಲೆ ಹೇಳಿಸುವವರು, ಮಕ್ಕಳಿಗೆ ಶಿಲುಬೆಯ ಗುರುತು ಕಲಿಸುವವರು, ಕಾಯಿಲೆ ಬಿದ್ದವರ ಮನೆಗೆ ಸಿಸ್ಟರ್‌ಗಳನ್ನು ಕರೆದೊಯ್ಯುವವರು ಅವರೇ. ಹಗಲೆಲ್ಲ ಕೂಲಿ ಮಾಡಿ ಬಂದು, ಸಂಜೆ ರೊಟ್ಟಿ ಬಡಿದಿಟ್ಟು, ಜಪಮಾಲೆ ಕೈಗೆತ್ತಿಕೊಳ್ಳುವ ಅವರ ಭಕ್ತಿಗೆ ಪ್ರವಚನ ಬೇಕಿಲ್ಲ.

ಸಾವಿನ ಮನೆಯಲ್ಲಿ ಅದೇ ಬತ್ತಿ

ಹಬ್ಬ ಒಂದು ರಾತ್ರಿಗೆ ಮುಗಿಯುವುದಿಲ್ಲ. ಪವಿತ್ರಾತ್ಮರ ಇಳಿದುಬರುವಿಕೆಯ ಹಬ್ಬದವರೆಗೆ ಐವತ್ತು ದಿನ ಪಾಸ್ಖ ಕಾಲ. ಅಷ್ಟೂ ದಿನ ಪಾಸ್ಖ ಬತ್ತಿ ಪೀಠದ ಬಳಿ ನಿಂತು ಪೂಜೆಯ ಹೊತ್ತಿಗೆ ಉರಿಯುತ್ತದೆ. ಆಮೇಲೆ ಅದನ್ನು ಜ್ಞಾನಸ್ನಾನದ ತೊಟ್ಟಿಯ ಬಳಿ ಇಡುತ್ತಾರೆ. ಅಲ್ಲಿಂದ ಮುಂದಿನ ಪಾಸ್ಖದವರೆಗೆ ಅದು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಬೆಳಗುತ್ತದೆ. ಮೊದಲನೆಯದು ಮಗುವಿನ ಜ್ಞಾನಸ್ನಾನ. ಮಗುವಿನ ಹೆಸರಿನ ಸಣ್ಣ ಬತ್ತಿಯನ್ನು ಇದರಿಂದಲೇ ಹಚ್ಚಿ ತಂದೆಯ ಅಥವಾ ಜ್ಞಾನಪಿತೃವಿನ ಕೈಗೆ ಕೊಡುತ್ತಾರೆ. ಎರಡನೆಯದು ಶವಸಂಸ್ಕಾರ. ಪೆಟ್ಟಿಗೆಯನ್ನು ಚರ್ಚಿಗೆ ತಂದಾಗ ಅದರ ಪಕ್ಕದಲ್ಲಿ ಇದೇ ಬತ್ತಿ ನಿಲ್ಲುತ್ತದೆ. ಜ್ಞಾನಸ್ನಾನದ ನೆನಪಿಗೆ ಪೆಟ್ಟಿಗೆಯ ಮೇಲೆ ತೀರ್ಥ ಚಿಮುಕಿಸುತ್ತಾರೆ.

ಪುನರುತ್ಥಾನದ ನಂಬಿಕೆಯನ್ನು ಧರ್ಮಕೇಂದ್ರ ವಾದದಿಂದ ಸಾಧಿಸುವುದಿಲ್ಲ. ಮಗುವಿನ ಕಿವಿಗೆ ಹೆಸರು ಬಿದ್ದ ದಿನದ ಬೆಳಕನ್ನೇ ಕಣ್ಣು ಮುಚ್ಚಿದ ದಿನವೂ ಹಚ್ಚಿಟ್ಟು ತೋರಿಸುತ್ತದೆ. ನವೆಂಬರ್ 2ರಂದು, ಸಕಲ ಮೃತರ ದಿನ, ಸಮಾಧಿಗಳನ್ನು ಗುಡಿಸಿ, ಸಾರಿಸಿ, ಚೆಂಡು ಹೂ ಇಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ಸತ್ತವರ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ, ಅವರಿಗಾಗಿ ಪೂಜೆ ಹೇಳಿಸುತ್ತಾರೆ. ಅತ್ತರೂ ಅದು ಕಳೆದುಕೊಂಡವರ ಅಳುವಲ್ಲ, ಮತ್ತೆ ಕಾಣಲಿರುವವರನ್ನು ಕಳಿಸಿಕೊಟ್ಟವರ ಅಳು.

2025ರ ಏಪ್ರಿಲ್ 20 ಪಾಸ್ಖ ಭಾನುವಾರ. ಪೋಪ್ ಫ್ರಾನ್ಸಿಸ್ ಕಾಯಿಲೆಯ ನಡುವೆಯೂ ಅಂದು ಸಂತ ಪೇತ್ರರ ಮಹಾದೇವಾಲಯದ ಮೊಗಸಾಲೆಗೆ ಬಂದು ಜನರನ್ನು ಹರಸಿದರು. ಮರುದಿನ ಬೆಳಿಗ್ಗೆ ತೀರಿಕೊಂಡರು. ಅವರ ಸರಳ ಮರದ ಪೆಟ್ಟಿಗೆಯ ಬಳಿ ಉರಿಯುತ್ತಿದ್ದದ್ದು ಪಾಸ್ಖ ಬತ್ತಿ. ಭೀಮೆಯ ದಂಡೆಯಲ್ಲಿ ಒಬ್ಬ ಕಥೋಲಿಕ ಕೂಲಿಯವ ಸತ್ತರೂ ಅವನ ಪಕ್ಕದಲ್ಲಿ ಇಡುವುದು ಅಂಥದ್ದೇ ಬತ್ತಿಯನ್ನು. ಬದುಕಿದ್ದಾಗ ಜಾತಿ, ಹಣ, ಹುದ್ದೆಗಳು ಎಳೆದ ಗೆರೆಯನ್ನು ಸಾವಿನ ಹೊತ್ತಿಗಾದರೂ ಈ ವಿಧಿ ಮಾನ್ಯ ಮಾಡುವುದಿಲ್ಲ. ಬದುಕಿದ್ದಾಗಲೂ ಮಾನ್ಯ ಮಾಡಬಾರದೆಂಬುದೇ ಪಾಸ್ಖದ ಬೋಧೆ. ಅದನ್ನು ಪಾಲಿಸುವ ಹೊಣೆ ಬತ್ತಿ ಹಿಡಿದ ಪ್ರತಿಯೊಬ್ಬರ ಮೇಲಿದೆ.

ಓದುಗರಿಗೆ ಒಂದು ಮಾತು. ಪಾಸ್ಖ ಜಾಗರಣೆಗೆ ಬೇರೆ ಧರ್ಮದವರು ಬಂದು ಕೂರಲು ಅಡ್ಡಿಯಿಲ್ಲ. ಪೂಜೆಯಲ್ಲಿ ಕೊಡುವ ಪರಮಪ್ರಸಾದವನ್ನು ಸ್ವೀಕರಿಸುವುದು ಕಥೋಲಿಕರು ಮಾತ್ರ; ಉಳಿದಂತೆ ಬೆಂಕಿ, ಬೆಳಕು, ವಾಚನ, ಹಾಡು ಎಲ್ಲರಿಗೂ. ನಿಮ್ಮ ಊರಿನ ಧರ್ಮಕೇಂದ್ರದಲ್ಲಿ ಸಮಯ ವಿಚಾರಿಸಿ, ಹೊಸ ಬೆಂಕಿ ಹಚ್ಚುವ ಮುನ್ನವೇ ಅಂಗಳ ಸೇರಿ. ನೆರೆಮನೆಯವರ ನಂಬಿಕೆಯನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಅವರ ಪಕ್ಕದಲ್ಲಿ ಒಂದು ರಾತ್ರಿ ನಿಂತು ನೋಡುವುದು ಲೇಸು.