ಮಡಚುವ ಚಾಕುವಿನ ಅಲಗಿನ ಅಲುಗಾಟ

ಮಡಚುವ ಚಾಕುವನ್ನು ಪೂರ್ಣವಾಗಿ ತೆರೆದ ನಂತರವೂ ಅಲಗು ಹಿಡಿಯಲ್ಲಿ ಸ್ಥಿರವಾಗಿ ನಿಲ್ಲದೆ ಚಲಿಸುವುದನ್ನು ಅಲಗಿನ ಅಲುಗಾಟ ಎನ್ನಬಹುದು. ಅಲಗನ್ನು ಹಿಡಿಗೆ ಜೋಡಿಸುವ ಕೀಲು ಸಡಿಲವಾಗುವುದು ಮತ್ತು ತೆರೆದ ಅಲಗನ್ನು ತಡೆದು ನಿಲ್ಲಿಸುವ ಲಾಕ್ ಸವೆಯುವುದು ಇದರ ಮುಖ್ಯ ಕಾರಣಗಳು.

ದೋಷದ ಗುರುತಿಸುವಿಕೆ

ಹರಿತವಾದ ಅಂಚಿಗೆ ಬೆರಳು ತಾಗದಂತೆ ಅಲಗಿನ ಬೆನ್ನನ್ನು ಹಿಡಿದು ಅಲುಗಿಸಿ ಪರೀಕ್ಷಿಸಲಾಗುತ್ತದೆ. ಅಲಗು ಎಡಬಲಕ್ಕೆ ಚಲಿಸಿದರೆ ಕೀಲು ಸಡಿಲವಾಗಿರುತ್ತದೆ ಅಥವಾ ಅದರ ವಾಷರ್ ಸವೆದಿರುತ್ತದೆ. ಮೇಲೆ ಕೆಳಗೆ ಚಲಿಸಿದರೆ ದೋಷವು ಸಾಮಾನ್ಯವಾಗಿ ಲಾಕ್‌ನದು; ಕೀಲನ್ನು ಎಷ್ಟು ಬಿಗಿಗೊಳಿಸಿದರೂ ಅದು ಸರಿಹೋಗದು. ಲಾಕ್ ಸವೆದ ಚಾಕು ಕೆಲಸದ ನಡುವೆ ಮಡಚಿಕೊಂಡು ಬೆರಳನ್ನು ಕತ್ತರಿಸಬಹುದಾದ್ದರಿಂದ, ದುರಸ್ತಿಯಾಗುವವರೆಗೆ ಅದನ್ನು ಬಳಸಬಾರದು.

ಬಿಗಿತದ ಹೊಂದಾಣಿಕೆ

ಧಾರವಾಡ ಜಿಲ್ಲೆಯ ಯಮನೂರು ಮತ್ತು ನವಲಗುಂದದ ಸುತ್ತಲಿನಂತಹ ಎರೆಭೂಮಿಯಲ್ಲಿ ಕೀಲಿನೊಳಗೆ ಸೇರಿದ ಮಣ್ಣು ಒಣಗಿದರೆ, ಸಡಿಲವಾದ ಕೀಲೂ ಬಿಗಿಯಾಗಿರುವಂತೆ ತೋರಬಹುದು. ಆದ್ದರಿಂದ ಚಾಕುವನ್ನು ಮೊದಲು ತೊಳೆದು, ಒಣಗಿಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬಿಡಬೇಕು. ಅಡುಗೆ ಎಣ್ಣೆ ಕ್ರಮೇಣ ಜಿಗುಟಾಗುತ್ತದೆ. ನಂತರ ಸ್ಕ್ರೂವನ್ನು ಪ್ರತಿ ಬಾರಿ ಸುಮಾರು 1/8 ಸುತ್ತಿನಷ್ಟೇ ತಿರುಗಿಸಿ ಪರೀಕ್ಷಿಸಬೇಕು. ಅಲುಗಾಟ ನಿಂತು, ಅಲಗು ಸರಾಗವಾಗಿ ತೆರೆದುಕೊಳ್ಳುವ ಹಂತವೇ ಸರಿಯಾದ ಬಿಗಿತ.

ಸ್ಕ್ರೂ ಇಲ್ಲದ ಚಾಕುವಿನಲ್ಲಿ ರಿವೆಟ್‌ನ ತಲೆಯನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹಗುರವಾಗಿ ತಟ್ಟಲಾಗುತ್ತದೆ. ಅತಿಯಾಗಿ ತಟ್ಟಿದರೆ ಮತ್ತೆ ಸಡಿಲಿಸುವುದು ಕಷ್ಟ.

ಮರದ ಹಿಡಿಯ ಚಾಕುಗಳು

ಫ್ರಾನ್ಸಿನಲ್ಲಿ 1890ರಲ್ಲಿ ರೂಪುಗೊಂಡ ಒಪಿನೆಲ್ ಚಾಕುವಿನಂತಹ ಮಾದರಿಗಳಲ್ಲಿ, ಮರದ ಹಿಡಿ ತೇವದಿಂದ ಉಬ್ಬಿದಾಗ ಕೀಲು ಬಿಗಿಯಾಗುತ್ತದೆ. ಇಂತಹ ಚಾಕುವನ್ನು ಬಲವಂತವಾಗಿ ತೆರೆಯದೆ ನೆರಳಿನಲ್ಲಿ ಒಣಗಿಸಬೇಕು.